ದೆವ್ವ ಎದುರಿಗೆ ಬಂದು ನಿಂತ ಮೇಲೆ

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ದೆವ್ವದ ಧಾರಾವಾಹಿ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಸೂಚನೆ ಬಂದು ಹೋಗುವುದನ್ನು ನೀವು ನೋಡಿರುತ್ತೀರಿ. ಇದು ಕಾಲ್ಪನಿಕ ಕಥೆ, ಮೂಢನಂಬಿಕೆಯನ್ನು ಬೆಳೆಸುವ ಉದ್ದೇಶ ನಮಗಿಲ್ಲ ಎಂಬ ಒಕ್ಕಣೆ. ಓದಿ ಮುಗಿಸುವಷ್ಟರಲ್ಲಿ ಮಾಯವಾಗಿರುತ್ತದೆ. ವಾಹಿನಿಯವರು ಅದನ್ನು ಸೌಜನ್ಯಕ್ಕೆ ಹಾಕುತ್ತಾರೆ ಎಂದುಕೊಳ್ಳಬೇಡಿ. ಮೂಢನಂಬಿಕೆಗೆ ಕುಮ್ಮಕ್ಕು ಕೊಡುವ ಕಾರ್ಯಕ್ರಮವನ್ನು ಪ್ರಸಾರ ಮಾಡಕೂಡದು ಎಂದು 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲೇ ಬರೆದಿದೆ. ಹಾಗಾಗಿ ಮೊದಲು ಆ ಎರಡು ಸಾಲು, ಆಮೇಲೆ ಅರ್ಧ ಗಂಟೆ ಮಾಟಗಾತಿ.

ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಹುದಾದ ರಾಜ್ಯದಲ್ಲಿ ನಾವು ಬದುಕುತ್ತಿಲ್ಲ. 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಕ್ಕಿ ಕೊಂದರು. ಅವರು ವರ್ಷಗಟ್ಟಲೆ ಬೆನ್ನುಹತ್ತಿದ್ದ ಮಾಟಮಂತ್ರ ವಿರೋಧಿ ಕಾನೂನು ಅವರ ಸಾವಿನ ನಂತರ ಬಂತು. ಆದ್ದರಿಂದ, ಬರೀ ಕಥೆ ತಾನೇ ಎಂದು ಕೈತೊಳೆದುಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಹಿಂದಿ ಧಾರಾವಾಹಿಗಳಿಗೆ ಕೆಲವು ಕಾಲ ಸಂಭಾಷಣೆ ಬರೆದವನು ನಾನು. ಬರೆದ ಸಾಲು ಎಷ್ಟು ದೂರ ಹೋಗಿ ಮುಟ್ಟುತ್ತದೆ ಎಂಬುದು ಗೊತ್ತಿದೆ.

ಆದರೆ ಆ ಚರ್ಚೆಯೆಲ್ಲ ನೋಡುವವರ ಬಗ್ಗೆ. ನೋಡಿದವರು ನಂಬಿಬಿಡುತ್ತಾರೆಯೇ, ಮಕ್ಕಳು ಬೆಚ್ಚಿಬೀಳುತ್ತಾರೆಯೇ, ಯಾರಾದರೂ ಮಂತ್ರವಾದಿಯ ಮನೆಗೆ ದಾರಿ ಕೇಳಿಕೊಂಡು ಹೋಗುತ್ತಾರೆಯೇ ಎಂದು. ಇವತ್ತು ನಾನು ಮಾತನಾಡಬೇಕೆಂದಿರುವುದು ಕಥೆಯ ಒಳಗಿರುವವರ ನಂಬಿಕೆಯ ಬಗ್ಗೆ. ಅವರ ಪಾಡೇ ಬೇರೆ. ದೆವ್ವ ಇದೆಯೋ ಇಲ್ಲವೋ ಎಂದು ವಾದ ಮಾಡಿಕೊಂಡು ಕೂರುವ ಪುರುಸೊತ್ತು ನಮಗಿದೆ. ಅವರ ಎದುರಿಗೆ ಅದು ಉಗುರು ಚಾಚಿಕೊಂಡು ನಿಂತಿದೆ. ಅಲ್ಲಿ 'ನಾನು ನಂಬುತ್ತೇನೆ' ಎನ್ನುವುದಕ್ಕೆ ಗುಂಡಿಗೆಯೇನೂ ಬೇಕಾಗಿಲ್ಲ. ಕಣ್ಣೆದುರು ನಿಂತದ್ದನ್ನು ಇದೆ ಎಂದು ಬರೆದುಕೊಂಡರೆ ಅದು ಪಂಚನಾಮೆಯಾಯಿತು, ಭಕ್ತಿ ಹೇಗಾದೀತು? ಹಾಗಾದರೆ ಇಂಥ ಕಥೆಗಳಲ್ಲಿ ನಂಬಿಕೆ ಇರುವುದೆಲ್ಲಿ? ಯಾರ ಮಾತನ್ನು ನಂಬಿದೆ, ಆಡಿದ ಮಾತಿಗೆ ಏನು ಬೆಲೆ ತೆತ್ತೆ ಎಂಬಲ್ಲಿ. ರಾಕ್ಷಸ ಬರುವುದು ಆ ಬೆಲೆಯನ್ನು ವಸೂಲು ಮಾಡುವುದಕ್ಕೆ. ವಸೂಲಿಯೇ ಇಲ್ಲದ ಧಾರಾವಾಹಿಯಲ್ಲಿ ಅದು ಎಷ್ಟು ಕಿರುಚಿದರೂ ನನಗೆ ಆಕಳಿಕೆ ಬರುತ್ತದೆ.

ಇಲ್ಲಿ ಐವತ್ತು ದಾಟಿದವರು ಅನೇಕರಿದ್ದೀರಿ. 1985ರಲ್ಲಿ ದೂರದರ್ಶನದಲ್ಲಿ ಬಂದ ರಾಮಾನಂದ ಸಾಗರ್ ಅವರ 'ವಿಕ್ರಮ್ ಔರ್ ಬೇತಾಲ್' ನಿಮಗೆ ನೆನಪಿರಲೇಬೇಕು. ವಿಕ್ರಮನಾಗಿ ಅರುಣ್ ಗೋವಿಲ್, ಅವರ ಬೆನ್ನಿಗೆ ಜೋತುಬಿದ್ದ ಬಿಳಿಗೂದಲ ಬೇತಾಳನಾಗಿ ಸಜ್ಜನ್. 1987ರಲ್ಲಿ ಅದೇ ಗೋವಿಲ್ ಅದೇ ಸಾಗರರ 'ರಾಮಾಯಣ'ದಲ್ಲಿ ರಾಮನಾದರು, ಜನ ಟಿವಿ ಪೆಟ್ಟಿಗೆಗೆ ಹಾರ ಹಾಕಿ ಊದಿನಕಡ್ಡಿ ಹಚ್ಚಿದರು. ಆ ಕೈಮುಗಿತದ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಅದಕ್ಕೂ ಮೊದಲು ಸ್ಮಶಾನದಲ್ಲಿ ಅವರ ಪರೀಕ್ಷೆ ನಡೆದಿತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಥೆ ಹಳೆಯದು. ಹನ್ನೊಂದನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿದೆ. ಒಬ್ಬ ಸನ್ಯಾಸಿ ದಿನವೂ ರಾಜನಿಗೆ ಒಂದು ಹಣ್ಣು ತಂದುಕೊಡುತ್ತಾನೆ. ಹಣ್ಣಿನೊಳಗೆ ರತ್ನ. ಋಣಕ್ಕೆ ಬಿದ್ದ ರಾಜ, ಸ್ಮಶಾನದ ಮರದಲ್ಲಿ ನೇತಾಡುವ ಹೆಣವನ್ನು ತಂದುಕೊಡುತ್ತೇನೆಂದು ಮಾತು ಕೊಡುತ್ತಾನೆ. ಹೆಣದೊಳಗೆ ಬೇತಾಳ. ದಾರಿಯುದ್ದಕ್ಕೂ ಅದು ಕಥೆ ಹೇಳಿ ಪ್ರಶ್ನೆ ಹಾಕುತ್ತದೆ. ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ರಾಜನ ತಲೆ ಒಡೆದು ಹೋಳಾಗಬೇಕು. ಬಾಯಿ ಬಿಟ್ಟರೆ ಬೇತಾಳ ಹಾರಿ ಮತ್ತೆ ಮರಕ್ಕೆ. ಈ ಷರತ್ತಿನ ಬಿಗಿ ನೋಡಿ. ನಿಜ ಹೇಳಿದರೆ ಕೊಟ್ಟ ಮಾತು ಉಳಿಯುವುದಿಲ್ಲ, ಮಾತು ಉಳಿಸಿಕೊಳ್ಳಲು ಹೊರಟರೆ ನಿಜವನ್ನು ನುಂಗಬೇಕು, ತಲೆಯನ್ನೂ ಕೊಡಬೇಕು. ರಾಜ ಪ್ರತಿಸಲವೂ ನಿಜ ಹೇಳುತ್ತಾನೆ, ಪ್ರತಿಸಲವೂ ತಿರುಗಿ ನಡೆಯುತ್ತಾನೆ. ಗೊಣಗುವುದಿಲ್ಲ. ನಾನು ಕೆಲಸ ಮಾಡಿದ ಕಡೆ ಯಾರಾದರೂ ಇಂಥ ನಾಯಕನನ್ನು ಬರೆದಿದ್ದರೆ 'ಇವನಿಗೆ ಭಾವನೆಯೇ ಇಲ್ಲ' ಎಂದು ಕಾಗದವನ್ನು ಹಿಂದಕ್ಕೆ ತಳ್ಳುತ್ತಿದ್ದರು. ಕತ್ತಲಲ್ಲಿ ಮರದ ಕಡೆಗೆ ಮತ್ತೆ ಮತ್ತೆ ತಿರುಗುವ ಆ ಬೆನ್ನಿಗಿಂತ ದೊಡ್ಡ ಭಾವನೆ ಯಾವುದು ಬೇಕಿತ್ತೋ!

ಕೊನೆಯ ಪ್ರಶ್ನೆ ನಿಮಗೆ ಗೊತ್ತು. ಒಬ್ಬ ಅಪ್ಪ, ಅವನ ಮಗ. ಒಬ್ಬಳು ತಾಯಿ, ಅವಳ ಮಗಳು. ಮಗಳನ್ನು ಅಪ್ಪ ಮದುವೆಯಾಗುತ್ತಾನೆ, ತಾಯಿಯನ್ನು ಮಗ ಮದುವೆಯಾಗುತ್ತಾನೆ. ಎರಡು ಜೋಡಿಗೂ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಆಗ ಬೇತಾಳ ಬಾಯಿ ಬಿಡುತ್ತದೆ: ಆ ಸನ್ಯಾಸಿ ನಿನ್ನನ್ನೇ ಬಲಿ ಕೊಡಲಿದ್ದಾನೆ, ಅಡ್ಡಬೀಳು ಎಂದು ಹೇಳುತ್ತಾನೆ, ರಾಜನಾದ ನನಗೆ ಅಡ್ಡಬಿದ್ದು ಗೊತ್ತಿಲ್ಲ, ನೀನೇ ತೋರಿಸು ಎಂದು ಕೇಳು, ಬಗ್ಗಿದಾಗ ಕತ್ತಿ ಬೀಸು. ರಾಜ ಹಾಗೆಯೇ ಮಾಡುತ್ತಾನೆ.

ನಾನು ಹೇಳುತ್ತಿರುವ ನಂಬಿಕೆ ಇದು. ಒಂದು ಕಡೆ ಜಪಮಾಲೆ ಹಿಡಿದು ರತ್ನ ತಂದುಕೊಟ್ಟ ಸನ್ಯಾಸಿ. ಇನ್ನೊಂದು ಕಡೆ ಹೆಣದಲ್ಲಿ ಹೊಕ್ಕು, ರಾತ್ರಿಯಿಡೀ ಕಾಡಿದ ಬೇತಾಳ. ರಾಜ ಬೇತಾಳನ ಮಾತಿಗೆ ಬೆಲೆ ಕೊಡುತ್ತಾನೆ. ಸಾಕ್ಷಿ ಏನಿದೆ ಅವನ ಕೈಯಲ್ಲಿ? ಏನೂ ಇಲ್ಲ. ಇಷ್ಟು ಹೊತ್ತು ಜೊತೆಯಲ್ಲಿ ನಡೆದ ದಾರಿ ಇದೆ, ಅಷ್ಟೇ. ವೇಷ ನೋಡಿ ನಂಬಿದವರು ಕೆಡುತ್ತಾರೆ ಎಂದು ಈ ಕಥೆ ಸಾವಿರ ವರ್ಷದ ಹಿಂದೆಯೇ ಹೇಳಿ ಕುಳಿತಿದೆ, ನಾವು ಮಾತ್ರ ಇನ್ನೂ ಕೆಂಪು ಲೆನ್ಸ್ ಹಾಕಿದವರೇ ಕೆಟ್ಟವರು ಎಂದು ಬರೆಯುತ್ತಿದ್ದೇವೆ.

ಕರಾವಳಿಯಿಂದ ಬಂದ ನಿಮಗೆ ಭೂತವೆಂದರೆ ಹೆದರಿ ಓಡಬೇಕಾದ ವಸ್ತು ಅಲ್ಲವೇ ಅಲ್ಲ. ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋಗಿ ಅದರ ಎದುರು ಕೈಮುಗಿದು ನಿಂತು, ಆಸ್ತಿಯ ಜಗಳ ಹೇಳಿಕೊಂಡು, ನುಡಿ ಕೇಳಿ ಬರುವವರು ನೀವು. ಆ ಭೂತಗಳ ಕಥೆ ಹೇಳುವ ತುಳು ಹಾಡು, ಪಾಡ್ದನ, ಕೇಳಿದರೆ ಎಷ್ಟೋ ಸಲ ಅನ್ಯಾಯಕ್ಕೆ ಸಿಕ್ಕ ಮನುಷ್ಯರ ಚರಿತ್ರೆಯೇ ಅಲ್ಲಿರುತ್ತದೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, 42 ಅಡಿಯ ವಿಗ್ರಹ. ಪಾಡ್ದನದ ಪ್ರಕಾರ ಅದನ್ನು ಕಡೆದವನು ಬೀರ ಕಲ್ಕುಡ. ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕತ್ತರಿಸಿದ. ತಂಗಿ ಕಲ್ಲುರ್ಟಿ ಅದನ್ನು ನೋಡಿ ಕುದಿದುಹೋದಳು. ಅಣ್ಣ ತಂಗಿ ಇಬ್ಬರೂ ಮಾಯವಾಗಿ ಭೂತಗಳಾಗಿ ಅರಸನ ಮೇಲೆ ಬಿದ್ದರು. ಇಲ್ಲಿ ರಾಕ್ಷಸ ಯಾರು? ಕಿರೀಟ ಇಟ್ಟುಕೊಂಡವನು. ಭೂತವಾದವರು ಫಿರ್ಯಾದಿದಾರರು.

ಈ ಮಾತು ಬಂದಾಗ ಸದಾನಂದ ಸುವರ್ಣರನ್ನು ನೆನೆಯದೆ ಮುಂದೆ ಹೋಗಲಾರೆ. 'ಘಟಶ್ರಾದ್ಧ'ದ ನಿರ್ಮಾಪಕರು, ಮುಂಬಯಿ ಕನ್ನಡ ರಂಗಭೂಮಿಯಲ್ಲಿ ದಶಕಗಳ ಕಾಲ ದುಡಿದವರು. ದೂರದರ್ಶನಕ್ಕೆ ಅವರು ಮಾಡಿದ 'ಗುಡ್ಡದ ಭೂತ'ದ ಶೀರ್ಷಿಕೆ ಗೀತೆ ಕೇಳಿದರೆ ಈಗಲೂ ಅನೇಕರ ಮೈ ಜುಮ್ಮೆನ್ನುತ್ತದೆ. ಪ್ರಕಾಶ್ ರೈ ಇನ್ನೂ ದೊಡ್ಡ ಹೆಸರಾಗದ ಕಾಲ, ಅವರೂ ಅದರಲ್ಲಿದ್ದರು. ಕರಾವಳಿಯ ಗುಡ್ಡ, ಮಳೆ, ಸಂಜೆಗತ್ತಲು ಇವೇ ಅಲ್ಲಿ ಹೆದರಿಸುವ ಕೆಲಸವನ್ನು ಮಾಡಿಬಿಟ್ಟಿದ್ದವು. ನಮ್ಮ ಊರಿನವರೊಬ್ಬರು ಹೀಗೂ ಮಾಡಿದ್ದರು ಎಂಬುದು ಇಲ್ಲಿನ ಹುಡುಗರಿಗೆ ಗೊತ್ತಿರಲಿ.

ಕೊಂಕಣದ ಕಡೆಯಿಂದ ಇನ್ನೊಂದು. 2016ರಲ್ಲಿ ಮರಾಠಿಯಲ್ಲಿ 'ರಾತ್ರೀಸ್ ಖೇಳ್ ಚಾಲೇ' ಬಂತು. ಸಾವಂತವಾಡಿ ಹತ್ತಿರದ ಆಕೇರಿಯ ಹಳೆಯ ಮನೆಯೊಂದರಲ್ಲಿ ಚಿತ್ರೀಕರಣ. ಮನೆಯ ಯಜಮಾನ ಅಣ್ಣಾ ನಾಯಿಕ್ ಶುರುವಿನಲ್ಲೇ ಸಾಯುತ್ತಾನೆ, ಬಂಧುಬಳಗ ಸೇರುತ್ತದೆ, ಮನೆಯಲ್ಲಿ ಏನೇನೋ ನಡೆಯತೊಡಗುತ್ತದೆ. ಅದು ಒಂದು ಮಟ್ಟಕ್ಕೆ ಚೆನ್ನಾಗಿತ್ತು. ಆದರೆ 2019ರಲ್ಲಿ ಬಂದ ಎರಡನೆಯ ಭಾಗ ಕಾಲವನ್ನು ಹಿಂದಕ್ಕೆ ತಿರುಗಿಸಿ ಅಣ್ಣಾನ ಬದುಕನ್ನೇ ತೋರಿಸಿತು. ಆಸ್ತಿ, ಹೆಣ್ಣು ಯಾವುದರ ಮೇಲೆ ಕಣ್ಣು ಬಿದ್ದರೂ ಬಿಡದ ಮನುಷ್ಯ, ಅವನ ಪ್ರೇಯಸಿ ಶೇವಂತಾ, ಎಲ್ಲವನ್ನೂ ಕಂಡು ಒಳಗೊಳಗೇ ಬೇಯುವ ಹೆಂಡತಿ. ಯಾವ ದಾರಿಯಲ್ಲಿ ನಡೆದು ಒಬ್ಬ ಮನುಷ್ಯ ದೆವ್ವವಾಗುವ ಅರ್ಹತೆ ಗಳಿಸುತ್ತಾನೆ ಎಂಬುದನ್ನು ಕಂತು ಕಂತಾಗಿ ನೋಡಿದೆವು. ಸತ್ತ ಅಣ್ಣಾನಿಗಿಂತ ಬದುಕಿದ್ದ ಅಣ್ಣಾ ಹೆಚ್ಚು ಹೆದರಿಸಿದ.

ನಾಗಿಣಿಯರ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. 2015ರಲ್ಲಿ ಹಿಂದಿಯ 'ನಾಗಿನ್', ಮರುವರ್ಷ ಕನ್ನಡದಲ್ಲಿ 'ನಾಗಿಣಿ'. ಅದರ ಸೊಗಸಿನ ಬಗ್ಗೆ ನನಗೆ ತಕರಾರಿಲ್ಲ. ನೀವು ನಾಗರಪಂಚಮಿಗೆ ಮೂಲದ ಬನಕ್ಕೆ ಹೋಗಿ ತಂಬಿಲ ಕೊಟ್ಟು ಬರುವ ಜನ. ಬನದ ನಾಗ ಭೂಮಿಯ ಒಡೆಯ, ಅವನೊಂದಿಗೆ ನಮಗಿರುವುದು ತಲೆಮಾರುಗಳ ಕಟ್ಟುಪಾಡು. ಟಿವಿಯ ನಾಗಿಣಿಗೆ ಸೇಡು ಬಿಟ್ಟರೆ ಬೇರೆ ಕಸುಬಿಲ್ಲ. ಸೇಡು ಮೊದಲೇ ನಿಶ್ಚಯವಾದ ಮೇಲೆ ಪಾತ್ರಕ್ಕೆ ಆಯ್ಕೆ ಎಲ್ಲಿ ಉಳಿಯಿತು?

ಸೆಟ್ಟಿನಲ್ಲಿ ಕಂಡ ಒಂದು ಸಂಗತಿಯನ್ನು ಮಾತ್ರ ಹೇಳಿಬಿಡುತ್ತೇನೆ. ನಾಯಗಾಂವ್ ಕಡೆ ಒಂದು ಸ್ಟುಡಿಯೋ. ದೊಡ್ಡ ಹಾವು ಆಮೇಲೆ ಕಂಪ್ಯೂಟರಿನಲ್ಲಿ ಬರಬೇಕು, ಆದ್ದರಿಂದ ನಟಿಯ ದೃಷ್ಟಿ ನಿಲ್ಲಲೆಂದು ಸಹಾಯಕನೊಬ್ಬ ಕೋಲಿನ ತುದಿಗೆ ಚೆಂಡು ಸಿಕ್ಕಿಸಿ ಎತ್ತಿ ಹಿಡಿದಿದ್ದ. ಅವಳು ಆ ಚೆಂಡನ್ನು ನೋಡಿ ಕಣ್ಣೀರು ಸುರಿಸಬೇಕು. ಹಿಂದೆ ಶಿವನ ಗುಡಿ, ಫೈಬರಿನ ಲಿಂಗ, ಥರ್ಮಾಕೋಲಿನ ಕಂಬ. ದೃಶ್ಯ ಮುಗಿದು ದೀಪ ಆರಿಸಿದರು. ಚಹಾದ ತಟ್ಟೆ ಹಿಡಿದು ಬಂದ ಸ್ಪಾಟ್ ಹುಡುಗ ಆ ಗುಡಿಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಒಳಗೆ ದಾಟಿ, ಆಚೆ ಬದಿಯಲ್ಲಿದ್ದವರಿಗೆ ಚಹಾ ಕೊಟ್ಟು, ಮರಳಿ ಬಂದು ಚಪ್ಪಲಿ ಮೆಟ್ಟಿಕೊಂಡ. ಆ ಕಂಬವನ್ನು ಮುನ್ನಾದಿನ ಅಂಟಿಸಿದವರಲ್ಲಿ ಅವನೂ ಒಬ್ಬ. ಅಷ್ಟು ದುಡ್ಡು ಸುರಿದು ತೆಗೆದ ಆ ಕಂತಿನಲ್ಲಿ ಇಷ್ಟು ಅಚ್ಚುಕಟ್ಟಾದ ಒಂದು ನಡೆ ಇರಲಿಲ್ಲ.

ಇನ್ನು ವಿರಾರ್ ಲೋಕಲ್ಲಿನಲ್ಲಿ ಮೊಬೈಲ್ ಹಿಡಿದು ಹೊರಗಿನ ಧಾರಾವಾಹಿ ನೋಡುವ ಹುಡುಗ ಹುಡುಗಿಯರ ಕಡೆಗೆ ಬರೋಣ. 'ಸೂಪರ್‌ನ್ಯಾಚುರಲ್' ಅಮೆರಿಕದಲ್ಲಿ 2005ರಿಂದ 2020ರ ತನಕ ನಡೆಯಿತು. 15 ಸೀಸನ್, 327 ಕಂತು. ಸ್ಯಾಮ್ ಮತ್ತು ಡೀನ್ ಎಂಬ ಅಣ್ಣತಮ್ಮಂದಿರು, ಒಂದು ಹಳೆಯ ಕಪ್ಪು ಕಾರು, ಊರೂರು ಅಲೆದು ದೆವ್ವ ಬೇಟೆ. ತಮ್ಮ ಸತ್ತಾಗ ಡೀನ್ ನಾಲ್ಕು ದಾರಿ ಕೂಡುವ ಕಡೆ ಹೋಗಿ ಪಿಶಾಚಿಯೊಂದಿಗೆ ವ್ಯವಹಾರ ಕುದುರಿಸುತ್ತಾನೆ: ತಮ್ಮನನ್ನು ಬದುಕಿಸು, ನನ್ನ ಆತ್ಮ ತೆಗೆದುಕೋ. ಬೇರೆಯವರಿಗೆ ಹತ್ತು ವರ್ಷ ವಾಯಿದೆ ಸಿಗುತ್ತದೆ, ಇವನಿಗೆ ಒಂದೇ ವರ್ಷ. ವಾಯಿದೆ ಮುಗಿದಾಗ ನರಕದ ನಾಯಿಗಳು ನಿಜಕ್ಕೂ ಬರುತ್ತವೆ, ಅವನನ್ನು ಸೀಳಿ ಒಯ್ಯುತ್ತವೆ. ಅದನ್ನು ಬರೆದವರಿಗೆ ನಾನು ಟೋಪಿ ತೆಗೆದೆ. ಸಾಲ ಎಂದ ಮೇಲೆ ವಸೂಲಿ.

ಐದನೆಯ ಸೀಸನ್ನಿನ ಕೊನೆಯಲ್ಲಿ ಸ್ಯಾಮ್ ಸೈತಾನನನ್ನು ತನ್ನ ಮೈಯೊಳಗೆ ಬರಮಾಡಿಕೊಂಡು, ಅವನನ್ನು ಹೊತ್ತುಕೊಂಡೇ ಪಾತಾಳದ ಪಂಜರಕ್ಕೆ ಹಾರುತ್ತಾನೆ. ಅದನ್ನು ನೋಡಿದಾಗ ನನಗೆ ನೆನಪಾದದ್ದು ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಅತ್ತುಕೊಂಡು ಕಲಿತ ಗೋವಿನ ಹಾಡು. ನೀವು ನಗುತ್ತೀರಿ. ಆದರೆ ಯೋಚಿಸಿ ನೋಡಿ. ನಾವು ಪುಣ್ಯಕೋಟಿಯನ್ನು ಹೊಗಳುತ್ತೇವೆ, ಹೊಗಳಬೇಕಾದ್ದೇ. ಆದರೆ ಅವಳು ಮೊದಲಿಂದ ಕೊನೆಯವರೆಗೆ ಅದೇ ಪುಣ್ಯಕೋಟಿ. ಮಾತು ಕೊಟ್ಟಳು, ಕರುವಿಗೆ ಹಾಲೂಡಿಸಿದಳು, ಬಂದಳು. ಆ ಹಾಡಿನಲ್ಲಿ ಬದಲಾಗುವವನು ಅರ್ಬುತ ಒಬ್ಬನೇ. ಹಸಿದ ಹುಲಿ, ಎದುರಿಗೆ ತಾನಾಗಿಯೇ ಬಂದು ನಿಂತ ಊಟ. ಮೊದಲು ಅವನು ಅವಳನ್ನು ಕಳಿಸಿದ್ದೇ ದೊಡ್ಡ ಪಣ, ಅವಳು ಬಾರದೆಯೂ ಇರಬಹುದಿತ್ತು. ಬಂದ ಮೇಲೆ ತಿನ್ನಲಾರದೆ ಆಕಾಶಕ್ಕೆ ನೆಗೆದು ಪ್ರಾಣ ಬಿಟ್ಟ. ಅವಳನ್ನು ಬಿಟ್ಟು ಕಾಡಿನೊಳಗೆ ಹೋಗಿ ಬೇರೆ ಬೇಟೆ ಹುಡುಕಬಹುದಿತ್ತಲ್ಲ ಎಂದು ಮಕ್ಕಳು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಹಾಡಿನಲ್ಲಿ ಅವನಿಗೆ ಆ ದಾರಿ ಉಳಿದಿಲ್ಲ. ಒಮ್ಮೆ ಅವಳನ್ನು ಅಕ್ಕ ಎಂದು ಕರೆದ ಮೇಲೆ ಹುಲಿಯಾಗಿ ಮುಂದುವರಿಯುವುದು ಅವನಿಂದ ಆಗಲಿಲ್ಲ.

ಸ್ಯಾಮ್ ಹಾರಿದ್ದೂ ಅಂಥ ನೆಗೆತವೇ. ಕಥೆಯನ್ನು ಹುಟ್ಟುಹಾಕಿದ ಎರಿಕ್ ಕ್ರಿಪ್ಕೆ ಐದು ಸೀಸನ್ನಿಗೆಂದೇ ಹಂಚಿಕೆ ಹಾಕಿಕೊಂಡಿದ್ದರು. ಅಲ್ಲಿಗೆ ನಿಂತಿದ್ದರೆ! ಆದರೆ ಅದೇ ಕಂತಿನ ಕೊನೆಯ ಕ್ಷಣದಲ್ಲಿ ಸ್ಯಾಮ್ ಬೀದಿದೀಪದ ಕೆಳಗೆ ಬಂದು ನಿಂತಿರುತ್ತಾನೆ. ಆರನೆಯ ಸೀಸನ್ ಬೇಕಾಗಿತ್ತು. ಆಮೇಲೆ ಅಣ್ಣತಮ್ಮ ಎಷ್ಟು ಸಲ ಸತ್ತು ಎದ್ದರು ಎಂದರೆ ಕೊನೆಗೆ ಸಾವು ಅವರಿಗೆ ನೆಗಡಿಯ ಹಾಗಾಯಿತು. ನಮ್ಮಲ್ಲಿಯೂ ಗುರುವಾರ ರೇಟಿಂಗ್ ಬಂದ ಮೇಲೆ ಶುಕ್ರವಾರ ಯಾರ್ಯಾರು ಮರಳಿ ಹುಟ್ಟಬೇಕು ಎಂದು ತೀರ್ಮಾನವಾಗುತ್ತದೆ. ಅರ್ಬುತನಿಗೆ ಎರಡನೆಯ ಸೀಸನ್ ಇಲ್ಲದ್ದರಿಂದಲೇ ಅವನು ಇಷ್ಟು ತಲೆಮಾರು ಬದುಕಿದ.

ಆ ಧಾರಾವಾಹಿಗೆ ತನ್ನ ರೋಗ ಗೊತ್ತಿತ್ತು ಎಂಬುದನ್ನೂ ಹೇಳಬೇಕು. ಮಧ್ಯದಲ್ಲೆಲ್ಲೋ ಚಕ್ ಎಂಬ ಬಡಪಾಯಿ ಲೇಖಕ ಬರುತ್ತಾನೆ, ಅಣ್ಣತಮ್ಮಂದಿರ ಕಥೆಯನ್ನೇ ಕಾದಂಬರಿಯಾಗಿ ಬರೆಯುವವನು. ಮುಂದೆ ಅವನೇ ದೇವರು ಎಂದು ತಿಳಿಯುತ್ತದೆ. ಕೊನೆಯ ಸೀಸನ್ನಿನ ಖಳನೂ ಅವನೇ: ಕಥೆ ರಸವತ್ತಾಗಿರಲಿ ಎಂದು ಇವರನ್ನು ಗೋಳು ಹುಯ್ದುಕೊಳ್ಳುವ ದೇವರು. ನಾವು ಮಾಡಿದ ಆಯ್ಕೆಗಳೆಲ್ಲ ಇವನು ಬರೆದದ್ದಾದರೆ ನಮ್ಮದು ಎನ್ನುವುದು ಏನಿದೆ ಎಂದು ಅಣ್ಣತಮ್ಮ ಕೇಳುತ್ತಾರೆ. ದಿನಕ್ಕೊಂದು ಕಂತಿನಂತೆ ಬರೆದುಕೊಟ್ಟವನಾಗಿ ಆ ದೃಶ್ಯಗಳನ್ನು ನೋಡುವಾಗ ನಾನು ಸ್ವಲ್ಪ ಸರಿದು ಕುಳಿತೆ.

ಇದಕ್ಕೆ ತದ್ವಿರುದ್ಧವಾಗಿ ಏಳೇ ಕಂತಿನಲ್ಲಿ ಮುಗಿದದ್ದು ಮೈಕ್ ಫ್ಲಾನಗನ್ ಅವರ 'ಮಿಡ್‌ನೈಟ್ ಮಾಸ್', 2021ರದ್ದು. ಒಂದು ಬಡ ಮೀನುಗಾರರ ದ್ವೀಪ. ಮುದಿ ಪಾದ್ರಿ ಪವಿತ್ರ ನಾಡಿನ ಯಾತ್ರೆಗೆ ಹೋಗಿ, ಮರುಭೂಮಿಯ ಗುಹೆಯಲ್ಲಿ ರೆಕ್ಕೆಯುಳ್ಳ ಒಂದು ಜೀವಿಗೆ ಸಿಕ್ಕಿಕೊಳ್ಳುತ್ತಾನೆ. ಅದು ಅವನ ರಕ್ತ ಹೀರುತ್ತದೆ, ತನ್ನದನ್ನು ಕುಡಿಸುತ್ತದೆ. ಮುದುಕ ಯುವಕನಾಗುತ್ತಾನೆ. ನೋಡುವ ನಮಗೆ ಅದು ರಕ್ತಪಿಪಾಸು ಎಂದು ಮೊದಲ ನೋಟಕ್ಕೇ ಗೊತ್ತು. ಅವನಿಗೆ ಅದು ದೇವದೂತ. ಪೆಟ್ಟಿಗೆಯಲ್ಲಿಟ್ಟು ಊರಿಗೆ ತರುತ್ತಾನೆ, ಅದರ ರಕ್ತವನ್ನು ಪ್ರಸಾದದ ದ್ರಾಕ್ಷಾರಸಕ್ಕೆ ಬೆರೆಸುತ್ತಾನೆ. ಗಾಲಿ ಕುರ್ಚಿಯಲ್ಲಿದ್ದ ಹುಡುಗಿ ಎದ್ದು ನಡೆಯುತ್ತಾಳೆ. ಇನ್ನೇನು ಬೇಕು ಊರಿಗೆ? ವಿಕ್ರಮನಿಗೆ ಸಿಕ್ಕ ಹಣ್ಣಿನೊಳಗಿನ ರತ್ನ ಇದೇ. ಪಾದ್ರಿ ಕೆಟ್ಟವನಲ್ಲ, ಕಪಟಿಯೂ ಅಲ್ಲ, ಹಾಗಾಗಿಯೇ ಕಥೆ ಎದೆಗೆ ತಾಗುತ್ತದೆ. ತನಗೆ ಏನು ಬೇಕಾಗಿತ್ತೋ ಅದನ್ನು ಕೊಟ್ಟದ್ದರ ಮುಖವನ್ನು ಅವನು ನೋಡಲು ಹೋಗಲಿಲ್ಲ.

ಅದೇ ಊರಿನಲ್ಲಿ ರೈಲಿ ಎಂಬ ಯುವಕ. ಕುಡಿದು ಕಾರು ಓಡಿಸಿ ಒಬ್ಬಳನ್ನು ಕೊಂದು, ಜೈಲು ಮುಗಿಸಿ ಬಂದವನು. ದೇವರು ಗೀವರು ಎಲ್ಲ ಬಿಟ್ಟವನು. ಅವನನ್ನೂ ಆ ರೋಗಕ್ಕೆ ಎಳೆಯುತ್ತಾರೆ, ಇನ್ನು ಬಿಸಿಲು ಬಿದ್ದರೆ ಉರಿದುಹೋಗುವ ಜೀವ ಅವನದು. ಗೆಳತಿ ಎರಿನ್‌ಳನ್ನು ರಾತ್ರಿ ದೋಣಿಯಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋಗಿ ನಡೆದದ್ದೆಲ್ಲ ಹೇಳುತ್ತಾನೆ. ಅವಳು ನಂಬುವ ಮಾತೇ ಇದು? ನಂಬದಿದ್ದರೆ ಅವಳು ಉಳಿಯುವುದಿಲ್ಲ. ಅವನು ಅಲ್ಲಿಯೇ ಕುಳಿತಿರುತ್ತಾನೆ, ಸೂರ್ಯ ಹುಟ್ಟುತ್ತಾನೆ. ಎಲ್ಲಿಗೂ ಓಡಿಹೋಗದ ಹಾಗೆ ತನ್ನನ್ನು ತಾನೇ ನಡುನೀರಿಗೆ ತಂದು ಕೂರಿಸಿಕೊಂಡ ಆ ಲೆಕ್ಕಾಚಾರ ನೋಡಿ. ಇಡೀ ಊರಿನ ಭಕ್ತರ ನಡುವೆ, ಇನ್ನೊಬ್ಬರಿಗಾಗಿ ಮೈ ಸುಟ್ಟುಕೊಂಡವನು ಆ ನಾಸ್ತಿಕ.

ಕೊನೆಯದಾಗಿ ನಿಮ್ಮ ಶನಿವಾರದ ರಾತ್ರಿಗಳಿಗೆ ಬರುತ್ತೇನೆ. ಈ ನಗರದಲ್ಲಿ ಫೋರ್ಟಿನಿಂದ ಡೊಂಬಿವಲಿಯ ತನಕ ನಮ್ಮವರು ಶನಿ ಗ್ರಂಥ ಪಾರಾಯಣವನ್ನು ತಾಳಮದ್ದಳೆಯ ರೂಪದಲ್ಲಿ ನಡೆಸಿಕೊಂಡು ಬಂದಿದ್ದಾರೆ. ವೇಷವಿಲ್ಲ, ಬಣ್ಣವಿಲ್ಲ, ಕುಳಿತೇ ಮಾತು. ಕಥೆ ಎಲ್ಲರಿಗೂ ಬಾಯಿಪಾಠ: ವಿಕ್ರಮರಾಜ ಶನಿಯನ್ನು ಗೇಲಿ ಮಾಡುತ್ತಾನೆ, ಏಳೂವರೆ ವರ್ಷ ಹೆಗಲೇರುತ್ತದೆ. ಚಿತ್ರದಲ್ಲಿರುವ ಹಂಸ ಗೋಡೆಯಿಂದ ಕತ್ತು ಚಾಚಿ ವರ್ತಕನ ಮನೆಯ ಹಾರವನ್ನು ನುಂಗುತ್ತದೆ, ಕಳ್ಳನೆಂದು ರಾಜನ ಕೈಕಾಲು ಕಡಿಯುತ್ತಾರೆ, ಗಾಣಿಗನ ಮನೆಯಲ್ಲಿ ಗಾಣದ ಮೇಲೆ ಕುಳಿತು ದೀಪರಾಗ ಹಾಡಿದಾಗ ಊರಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಕೊನೆಗೆ ಶನಿ ಪ್ರತ್ಯಕ್ಷನಾಗಿ ವರ ಕೇಳು ಎನ್ನುತ್ತಾನೆ. ರಾಜ ಕೇಳುವುದು ಒಂದೇ: ನನಗೆ ಕೊಟ್ಟ ಕಷ್ಟವನ್ನು ಇನ್ಯಾರಿಗೂ ಕೊಡಬೇಡ.

ಮುಂದೇನಾಗುತ್ತದೆ ಎಂಬ ಕುತೂಹಲ ಅಲ್ಲಿ ಯಾರಿಗೂ ಇಲ್ಲ. ಟಿವಿ ಬಚ್ಚಿಡುವುದು ಅದನ್ನೇ, ತಾಳಮದ್ದಳೆ ಬಚ್ಚಿಡುವುದು ಯಾಕೆ ಎಂಬುದನ್ನು. ರಾಜ ಆ ವರವನ್ನು ಯಾಕೆ ಕೇಳಿದ ಎನ್ನುವುದು ಪಾತ್ರದ ಮಾತನ್ನು ಆಡುವ ಅರ್ಥಧಾರಿಯ ಕೈಯಲ್ಲಿದೆ, ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ಒಬ್ಬರ ವಿಕ್ರಮ ಅದನ್ನು ಕರುಣೆಯಿಂದ ಕೇಳಿ ನಮ್ಮ ಕಣ್ಣು ಒದ್ದೆ ಮಾಡಿದ್ದರು. ಇನ್ನೊಮ್ಮೆ ಬೇರೊಬ್ಬರ ವಿಕ್ರಮ ವರ ಬೇಡವೆಂದೇ ಹಟ ಹಿಡಿದ: ಕೈಕಾಲು ಆಮೇಲೆ ಕೊಡು, ಮೊದಲು ಆ ವರ್ತಕನ ಎದುರು ಹಂಸದ ಬಾಯಿಂದ ಹಾರ ಹೊರಗೆ ತೆಗೆಸು, ಕಳ್ಳನೆಂಬ ಹೆಸರು ಹೊತ್ತು ನಾನು ಯಾವ ವರವನ್ನೂ ತೆಗೆದುಕೊಳ್ಳುವುದಿಲ್ಲ ಎಂದ. ಶನಿಯ ಅರ್ಥ ಹೇಳುತ್ತಿದ್ದವರೂ ಕಡಿಮೆಯವರಲ್ಲ, ಬಿಟ್ಟುಕೊಡಲಿಲ್ಲ. ಗೇಲಿ ಮಾಡಿದ ನಾಲಗೆಗೆ ಇನ್ನೂ ಷರತ್ತು ಹಾಕುವ ಹುರುಪೇ ಎಂದು ಮೂದಲಿಸಿದರು. ಅದಕ್ಕೆ ರಾಜ ಕೊಟ್ಟ ಉತ್ತರ, ಆ ಉತ್ತರಕ್ಕೆ ಶನಿಯ ಪ್ರತ್ಯುತ್ತರ, ಹೀಗೆ ಏರುತ್ತಲೇ ಹೋಯಿತು. ಪ್ರಸಾದ ಹಂಚುವ ಹೊತ್ತು ಮೀರಿತು, ಕೊನೆಯ ಲೋಕಲ್ ಹಿಡಿಯಬೇಕಾದವರು ಗಡಿಯಾರ ನೋಡತೊಡಗಿದರು. ಭಾಗವತರು ನಡುವೆ ಪದ ಎತ್ತಿ ಇಬ್ಬರನ್ನೂ ನಿಲ್ಲಿಸಬೇಕಾಯಿತು.